ಹುಣಸೆಮರದ ಗದ್ದೆಯ ಸರದಿ

ಮಾದಮ್ಮ ಹಳ್ಳಿಮೈಸೂರಿನಲ್ಲಿ ಬಸ್ಸಿಳಿದು, ಮೂರು ಮೈಲಿ ನಡೆದು, ತನ್ನೂರಿನ ಕೆರೆ ಏರಿ ಹತ್ತುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಅರಕಲಗೂಡಿನಲ್ಲಿದ್ದ ಮಗಳು ಸಣ್ಣಕ್ಕನ ಎರಡನೇ ಹೆರಿಗೆಗೆಂದು ಹೋದವಳು ನಾಲ್ಕೇ ದಿನಕ್ಕೆ ಗಂಟು ಕಟ್ಟಿದ್ದಳು. ಹೆತ್ತ ತಾಯಿ ಹೀಗೆ ಕೆಂಡ ತುಳಿದವಳಂತೆ ಓಡುವುದುಂಟೇ ಎಂದು ಬೀಗಿತ್ತಿ ನಾಲ್ಕು ಜನರ ಮುಂದೆ ಆಡಿಕೊಂಡಿದ್ದಳು. ಆಡಿಕೊಳ್ಳಲಿ. ಮಾದಮ್ಮ ಊರಿನಲ್ಲಿ ಯಾರನ್ನು ಒಂಟಿಯಾಗಿ ಬಿಟ್ಟು ಬಂದಿದ್ದಾಳೆ ಎಂಬುದು ಬೀಗಿತ್ತಿಗೆ ಗೊತ್ತಿರಲಿಲ್ಲ. ಗೊತ್ತಾಗುವುದು ಮಾದಮ್ಮನಿಗೆ ಬೇಕಾಗಿಯೂ ಇರಲಿಲ್ಲ.

ಏರಿಯ ಮೇಲೆ ನಿಂತು ಅವಳು ಮೊದಲು ನೋಡಿದ್ದು ಕೆಳಗಿನ ಗದ್ದೆ ಬಯಲನ್ನು. ಅದು ಐವತ್ತೊಂಬತ್ತನೇ ಇಸವಿಯ ಕಾರ್ತಿಕ ಮಾಸ. ಹಿಂಗಾರು ಕೈಕೊಟ್ಟು ಕೆರೆಯಲ್ಲಿ ಊರಿನ ಗದ್ದೆಗಳಿಗೆಲ್ಲ ಎರಡು ಸುತ್ತು ಹಾಯಿಸುವಷ್ಟು ನೀರು ಮಾತ್ರ ಉಳಿದಿತ್ತು. ಈಗ ಒಂದು ಸುತ್ತು, ಹದಿನೈದು ದಿನ ಬಿಟ್ಟು ಕೊನೆಯ ಸುತ್ತು, ನಡುವೆ ಒಂದು ಬೊಗಸೆಯನ್ನೂ ಯಾರಿಗೂ ಬಿಡಕೂಡದು ಎಂದು ಊರು ಕೂತು ತೀರ್ಮಾನ ಮಾಡಿತ್ತು. ಮೊದಲ ಸುತ್ತು ಅವಳಿಲ್ಲದ ನಾಲ್ಕು ದಿನದಲ್ಲೇ ಮುಗಿದುಹೋಗಿತ್ತು. ಬಯಲೆಲ್ಲ ನೀರು ಕುಡಿದು ತಣ್ಣಗೆ ನಿಂತಿತ್ತು. ಹುಣಸೆಮರದ ಹತ್ತಿರ ಮಾತ್ರ ಅವಳ ಕಣ್ಣು ತಡೆಯಿತು. ಮರದ ಮೇಲ್ಗಡೆ ರಂಗಸ್ವಾಮಿ ಗೌಡರ ಗದ್ದೆಯಲ್ಲಿ ನೀರು ಬದುವಿನ ತುದಿ ಮುಟ್ಟಿತ್ತು. ಕೆಳಗಡೆ ಅವರ ತಮ್ಮನ ಹೆಂಡತಿ, ಗಂಡ ಸತ್ತು ಮೂರು ವರ್ಷವಾಗಿದ್ದ ಪುಟ್ಟತಾಯಮ್ಮನ ಗದ್ದೆ ಬಿರುಕು ಬಿಟ್ಟಿತ್ತು. ಹಾಲುಗಟ್ಟುತ್ತಿದ್ದ ತೆನೆಗಳ ತುದಿ ಬೆಳ್ಳಗಾಗತೊಡಗಿತ್ತು. ಏನಾಗಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಊರಿನ ನೀರುಗಂಟಿ ಅವಳ ಗಂಡ ಗಂಗಯ್ಯ. ಕೆರೆಯ ತೂಬು ಎತ್ತುವವನೂ ಅವನು, ಮುಚ್ಚುವವನೂ ಅವನು, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ನಿಶ್ಚಯ ಮಾಡುವವನೂ ಅವನೇ. ಸುತ್ತು ನಡೆಯುವಾಗ ಬೇರೆ ಯಾರೂ ಕಾಲುವೆಯ ಹತ್ತಿರ ಸುಳಿಯುವಂತಿರಲಿಲ್ಲ. ಪಟೇಲನಾದರೂ ಅಷ್ಟೆ, ಏರಿಯ ಮೇಲೆ ನಿಂತು ನೋಡಿಕೊಂಡು ಹೋಗಬೇಕು. ವರ್ಷದ ಉಳಿದ ದಿನಗಳಲ್ಲಿ ಗಂಗಯ್ಯ ಎದುರಿಗೆ ಬಂದರೆ ಮಾರು ದೂರ ಸರಿಯುವ ಊರು, ಸುತ್ತಿನ ದಿನಗಳಲ್ಲಿ ಅವನ ಮಣ್ಣೆತ್ತುವ ಸನಿಕೆ ಯಾವ ಕಡೆ ತಿರುಗುತ್ತದೆಂದು ಬಾಯಿ ಬಿಟ್ಟುಕೊಂಡು ಕಾಯುತ್ತಿತ್ತು. ಅವನ ಅಪ್ಪನೂ ತಾತನೂ ಮಾಡಿದ್ದು ಇದೇ ಕೆಲಸ. ಸುಗ್ಗಿಯಲ್ಲಿ ಪ್ರತಿ ಗದ್ದೆಯಿಂದ ಬರುವ ಆಯದ ಭತ್ತವೇ ಅವರ ವರ್ಷದ ಅನ್ನ. ನೂರಾ ಹನ್ನೆರಡು ಗದ್ದೆಗಳ ಸರದಿ ಯಾವ ಕಾಗದದಲ್ಲೂ ಇರಲಿಲ್ಲ. ಅದು ಗಂಗಯ್ಯನ ತಲೆಯಲ್ಲಿತ್ತು, ಮತ್ತು ಕೆಡುತ್ತಿದ್ದದ್ದು ಆ ತಲೆಯೇ.

ಶುರುವಾದದ್ದು ಹಿಂದಿನ ವರ್ಷದ ಯುಗಾದಿ ಕಳೆದ ಮೇಲೆ. ಒಂದು ಬೆಳಿಗ್ಗೆ ಬೀಡಿ ಹಚ್ಚಲು ಹೋದವನ ಬೆರಳು ಕಡ್ಡಿ ಹಿಡಿಯದೆ ಹೋಯಿತು. ಬಾಯಿ ಒಂದು ಕಡೆಗೆ ಎಳೆಯಿತು, ಮಾತು ತೊದಲಿತು. ಸಂಜೆಯೊಳಗೆ ಎಲ್ಲ ಸರಿಹೋಗಿ, ಏನೂ ಆಗದವನಂತೆ ಮುದ್ದೆ ಉಂಡ. ಪಿತ್ತ ನೆತ್ತಿಗೇರಿದೆ ಎಂದರು ಕೇರಿಯವರು. ಪಿತ್ತಕ್ಕೆ ಎಲ್ಲರೂ ಮಾಡುವುದನ್ನೇ ಮಾದಮ್ಮನೂ ಮಾಡಿದಳು: ದಿನಾ ಬೆಳಿಗ್ಗೆ ನಿಂಬೆಹಣ್ಣು ಹಿಂಡಿ, ಕೈತುಂಬ ಉಪ್ಪು ಹಾಕಿದ ಮಜ್ಜಿಗೆ ಒಂದು ಚೊಂಬು. ಗಂಗಯ್ಯನಂತೂ ಮೊದಲೇ ಉಪ್ಪಿಗೆ ಸೋತವನು. ಮುದ್ದೆಯ ಪಕ್ಕ ಉಪ್ಪಿನ ಹರಳಿರಬೇಕು, ಸಾರಿನಲ್ಲಿ ಒಣಮೀನಿರಬೇಕು, ಸುತ್ತಿನ ದಿನ ಗೌಡರ ಮನೆಗಳಿಂದ ಎಲೆಯಲ್ಲಿ ಬರುತ್ತಿದ್ದ ಉಪ್ಪಿನಕಾಯಿಯನ್ನು ಬರಿದೇ ನೆಕ್ಕಿಬಿಡುತ್ತಿದ್ದ. ಅದರ ಮೇಲೆ ಈ ಮಜ್ಜಿಗೆ. ಅವಳು ಒಂದು ವರ್ಷಕ್ಕೂ ಮೇಲ್ಪಟ್ಟು, ಒಂದು ದಿನವೂ ತಪ್ಪದೆ ಕುಡಿಸಿದಳು.

ಈ ವರ್ಷ ಶ್ರಾವಣದಲ್ಲಿ ಎರಡನೇ ಸಲ ಕೈ ಸೋತಿತು. ಆಮೇಲೆ ಅವನು ಮೊದಲಿನಂತಾಗಲಿಲ್ಲ. ಸಂತೆಗೆ ಹೋದವನು ಬೀಡಿ ಕಟ್ಟು ಮಾತ್ರ ತಂದು, ಮೆಣಸಿನಕಾಯಿ ತರಲು ಹೇಳಿದ್ದೇ ಇಲ್ಲವೆಂದು ಜಗಳಕ್ಕೆ ನಿಂತ. ಎರಡು ವರ್ಷದ ಮೊಮ್ಮಗನನ್ನು ಕಂಡು ಇದು ಯಾರ ಕೂಸು ಎಂದು ಕೇಳಿದ. ಮಾದಮ್ಮ ಸುಮ್ಮನಿರಲಾರದೆ ಅವನನ್ನು ಹೊಳೆನರಸೀಪುರದ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿನ ಡಾಕ್ಟರು ಚಂದ್ರಶೇಖರಯ್ಯ ನಿಧಾನದ ಮನುಷ್ಯ. ಗಂಗಯ್ಯನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿ, ಪಾದರಸ ನೋಡಿ, ಇನ್ನೊಂದು ಸಲ ಗಾಳಿ ಹಾಕಿ ನೋಡಿದರು. ದಿನಕ್ಕೆ ಎಷ್ಟು ಬೀಡಿ ಎಂದು ಕೇಳಿದರು, ಎರಡು ಕಟ್ಟು. ಅಪ್ಪ ಹೇಗೆ ಸತ್ತ ಎಂದು ಕೇಳಿದರು. ಲಕ್ವ ಹೊಡೆದು, ತೂಬಿನ ಹತ್ತಿರವೇ. ಮೂತ್ರ ನೋಡಿಸಿ, ಸಕ್ಕರೆ ಕಾಯಿಲೆ ಇಲ್ಲ, ಅಷ್ಟು ಪುಣ್ಯ ಎಂದರು. ಊಟ, ಉಪ್ಪು ಎಂದು ಕೇಳಿದಾಗ ಮಾದಮ್ಮ, ತಾನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆಂದು ತೋರಿಸಲು, ಮಜ್ಜಿಗೆಯ ವಿಷಯವನ್ನು ತಾನಾಗಿಯೇ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಇದು ಪಿತ್ತ ಅಲ್ಲಮ್ಮ," ಎಂದರು. "ರಕ್ತದ ಒತ್ತಡ ವಿಪರೀತ ಏರಿದೆ. ಮಿದುಳಿಗೆ ಹೋಗೋ ಸಣ್ಣ ಸಣ್ಣ ನಾಳಗಳು ಒಂದೊಂದಾಗಿ ಕಟ್ಟಿಕೊಳ್ತಾ ಇವೆ. ಕಟ್ಟಿದಾಗೆಲ್ಲ ಅಲ್ಲಿ ಒಂದಿಷ್ಟು ಜಾಗ ಸಾಯುತ್ತೆ. ಉಪ್ಪು, ಬೀಡಿ, ಎರಡೂ ಇವನಿಗೆ ವಿಷ."

ಗಂಗಯ್ಯ ಹಲ್ಲು ಬಿಟ್ಟು ನಕ್ಕ. ತನಗೆ ಗೊತ್ತಿರುವ ವಿಷಯ ಬಂತಲ್ಲ ಎಂಬ ಸಮಾಧಾನ ಅವನಿಗೆ.

"ಅಂಗಾರೆ ಕಾಲ್ವೇಲಿ ಊಳು ತುಂಬ್ಕಂಡದೆ ಅನ್ನಿ ಸಾ. ಊಳು ತೆಗುದ್ರೆ ಆಯ್ತು."

ಇದರ ಹೂಳು ತೆಗೆಯಲು ಬರುವುದಿಲ್ಲ, ಇನ್ನಷ್ಟು ತುಂಬದಂತೆ ನೋಡಿಕೊಳ್ಳಬಹುದು ಅಷ್ಟೇ ಎಂದು ಡಾಕ್ಟರು ಸರ್ಪಗಂಧದ ಬೇರಿನ ಮಾತ್ರೆ ಬರೆದುಕೊಟ್ಟರು. ಅವನನ್ನು ಹೊರಗೆ ಕಳಿಸಿ ಮಾದಮ್ಮನಿಗೆ ಬೇರೆಯಾಗಿ ಹೇಳಿದರು. ಹೊಸದಾಗಿ ನಡೆದದ್ದು ಮೊದಲು ಅಳಿಸಿಹೋಗುತ್ತದೆ, ಹಳೆಯದು ಕೊನೆಯವರೆಗೂ ಉಳಿಯಬಹುದು. ನಾಲ್ಕು ಜನರ ಬದುಕು ಅವಲಂಬಿಸಿರುವಂಥ ಯಾವ ಕೆಲಸವನ್ನೂ ಇವನ ಕೈಗೆ ಕೊಡಬೇಡಿ. ಏನು ಕೆಲಸ ಮಾಡುತ್ತಾನೆ ಎಂದು ಕೇಳಿದರು. ಮಾದಮ್ಮ ಕೂಲಿ ಎಂದಳು.

ಬಸ್ಸಿನಲ್ಲಿ ಬರುವಾಗ ಅವಳಿಗೆ ಆ ಸುಳ್ಳಿಗಿಂತ ಮಜ್ಜಿಗೆಯ ಚೊಂಬೇ ಕಣ್ಣಿಗೆ ಕಟ್ಟುತ್ತಿತ್ತು. ಇದೇ ಕೈಯಿಂದ ದಿನಾ ಅಳತೆ ಮಾಡಿ ಹಾಕಿದ್ದೆನಲ್ಲ ಎಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಪಕ್ಕದಲ್ಲಿದ್ದ ಗಂಗಯ್ಯ ಬಸ್ಸಿನ ವಾಂತಿ ಬರುತ್ತಿದೆಯೇ ಎಂದು ವಿಚಾರಿಸಿಕೊಂಡ.

ಅಂದಿನಿಂದ ಉಪ್ಪು ನಿಂತಿತು. ದಿನಕ್ಕೆ ಎರಡು ಕಟ್ಟು ಇದ್ದದ್ದು ಹತ್ತು ಬೀಡಿಗೆ ಇಳಿಯಿತು, ಅದಕ್ಕಿಂತ ಕೆಳಗೆ ಇಳಿಯಲೊಲ್ಲದು. ಆದರೆ ಸನಿಕೆಯನ್ನು ಅವನ ಕೈಯಿಂದ ಬಿಡಿಸಲು ಅವಳಿಗೆ ಮನಸ್ಸು ಬರಲಿಲ್ಲ. ಬಿಡಿಸಿದರೆ ಆಯ ಹೋಗುತ್ತದೆ, ಅದು ಒಂದು. ಅದಕ್ಕಿಂತ ಹೆಚ್ಚಾಗಿ, ಸನಿಕೆ ಇಲ್ಲದ ಗಂಗಯ್ಯ ಈ ಊರಿನಲ್ಲಿ ಏನು? ಹಾಗಾಗಿ ಅಂಬಲಿಯ ನೆವ ಮಾಡಿಕೊಂಡು ಅವನ ಹಿಂದೆಯೇ ಕಾಲುವೆಯುದ್ದಕ್ಕೂ ನಡೆಯತೊಡಗಿದಳು. ಕೆಂಚಯ್ಯನೋರ ಗದ್ದೆ ಈ ಸಲ ಚೆನ್ನಾಗಿ ಬಂದಿದೆ, ಅದರಾಚೆ ಅನಸೂಯವ್ವಾರದು ಕಳೆ ಬಿದ್ದಿದೆ ಎಂದು ಹರಟೆ ಹೊಡೆಯುವವಳಂತೆ ಮುಂದಿನ ಸರದಿಯನ್ನು ಅವನ ಕಿವಿಗೆ ಹಾಕುತ್ತಿದ್ದಳು. ಅವನು ಸನಿಕೆ ತಿರುಗಿಸುತ್ತಿದ್ದ. ಮುದಿವಯಸ್ಸಿನಲ್ಲಿ ಗಂಡಹೆಂಡಿರಿಗೆ ಒಬ್ಬರನ್ನೊಬ್ಬರು ಬಿಟ್ಟಿರಲಾಗುವುದಿಲ್ಲ ಎಂದು ಊರು ನಕ್ಕಿತು. ನಗಲಿ ಎಂದು ಅವಳೂ ನಕ್ಕಳು. ಭಾದ್ರಪದ, ಆಶ್ವೀಜ ಎರಡೂ ಹೀಗೆ ದಾಟಿದವು.

ಈಗ ನಾಲ್ಕು ದಿನ ಅವಳು ಹಿಂದೆ ಇರಲಿಲ್ಲ.

ಮನೆಗೆ ಬಂದಾಗ ಗಂಗಯ್ಯ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಮಗಳು ಹೇಗಿದ್ದಾಳೆಂದು ಕೇಳಲಿಲ್ಲ. ಸುತ್ತು ಹೇಗಾಯಿತು ಎಂದು ಅವಳೇ ಕೇಳಿದಾಗ ಅವನ ಮುಖ ಅರಳಿತು. ತೂಬಿನಿಂದ ಹಿಡಿದು ಒಂದೊಂದೇ ಗದ್ದೆಯ ಕಥೆ ಹೇಳಿಕೊಂಡು ಬಂದ. ಮಾದಮ್ಮ ಹುಣಸೆಮರ ಬರುವುದನ್ನೇ ಕಾದಳು.

"ಹುಣಸೆಮರದ ಗದ್ದೆ ಎರಡು ಪಾಲು ನೀರು ಕುಡೀತದೆ ಕಣಮ್ಮಿ," ಎಂದ ಗಂಗಯ್ಯ. "ಮೇಗಡೆ ತುಂಬುಸ್ಬುಟ್ರೆ ಬಾಯಿಂದ ಕೆಳಕ್ಕೆ ತಾನೇ ಇಳೀತದೆ. ಜಾಸ್ತಿ ಒತ್ತು ನೀರು ಬುಟ್ಟು ಬಂದೆ."

ಅವಳಿಗೆ ಅರ್ಥವಾಯಿತು. ರಂಗಸ್ವಾಮಿಯ ಅಪ್ಪ ಬೋರೇಗೌಡರು ಬದುಕಿದ್ದಾಗ ಅದು ಒಂದೇ ಗದ್ದೆ, ನಡುವೆ ನೀರಿಳಿಯಲು ಒಂದು ಬಾಯಿ. ಬೋರೇಗೌಡರು ಸತ್ತು ಒಂಬತ್ತು ವರ್ಷವಾಗಿತ್ತು. ಆರು ವರ್ಷದ ಹಿಂದೆ ಮಕ್ಕಳಿಬ್ಬರೂ ಪಾಲಾದಾಗ ನಡುವೆ ಮೊಣಕಾಲೆತ್ತರದ ಬದು ಎದ್ದಿತ್ತು, ಕೆಳಗಿನ ಪಾಲಿಗೆ ಬೇರೆ ಕಾಲುವೆ ಬಂದಿತ್ತು. ಆ ಕಾಲುವೆ ತೋಡಿದವನು ಗಂಗಯ್ಯನೇ. ಆ ಒಂಬತ್ತು ವರ್ಷವೂ ಅವನ ತಲೆಯಿಂದ ಜಾರಿಹೋಗಿತ್ತು. ಸತ್ತವರ ಗದ್ದೆಗೆ ಅವನು ಪ್ರಾಮಾಣಿಕವಾಗಿ ನೀರು ಬಿಟ್ಟು ಬಂದಿದ್ದ.

ಊರಿಗೆ ಇದು ಗೊತ್ತಿಲ್ಲ. ಊರು ಕಂಡದ್ದು ಇಷ್ಟೇ: ಅಣ್ಣನ ಗದ್ದೆ ತುಂಬಿ ತುಳುಕುತ್ತಿದೆ, ವಿಧವೆಯ ಗದ್ದೆ ಒಣಗುತ್ತಿದೆ. ಪಾಲಾದಾಗಿನಿಂದ ಎರಡು ಮನೆಗೂ ಮಾತಿಲ್ಲ. ರಂಗಸ್ವಾಮಿ ಗಂಗಯ್ಯನ ಕೈ ಬೆಚ್ಚಗೆ ಮಾಡಿದ್ದಾನೆ ಎಂದು ಊರು ಆಡಿಕೊಂಡಿತು. ಬದು ಕಡಿದು ನಿನ್ನ ಹೆಚ್ಚಿನ ನೀರನ್ನು ಕೆಳಗೆ ಬಿಡು ಎಂದು ಇಬ್ಬರು ಹಿರಿಯರು ಕೇಳಿದ್ದಕ್ಕೆ ರಂಗಸ್ವಾಮಿ ಕೆರಳಿ ಕೂಗಾಡಿದ್ದ. ನೀರುಗಂಟಿ ಕೊಟ್ಟದ್ದು ನನ್ನ ನೀರು, ಈಗ ಬಿಟ್ಟರೆ ಕದ್ದದ್ದನ್ನು ಒಪ್ಪಿಕೊಂಡ ಹಾಗಾಗುತ್ತದೆ, ಗದ್ದೆ ಕೊಳೆತರೂ ಒಂದು ಹನಿ ಬಿಡುವುದಿಲ್ಲ ಎಂದಿದ್ದ. ಕೊನೆಗೆ ಪಟೇಲ ಪುಟ್ಟರಾಜು ಸೋಮವಾರ ತೂಬಿನ ಆಣೆ ಎಂದು ಗೊತ್ತುಮಾಡಿದ್ದರು. ನಡುವೆ ಒಂದೇ ದಿನ ಉಳಿದಿತ್ತು.

ತೂಬಿನ ಆಣೆ ಎಂದರೆ ಆ ಊರಿನಲ್ಲಿ ಕೊನೆಯ ಮಾತು. ನೀರುಗಂಟಿ ಸ್ನಾನ ಮಾಡಿ, ತೂಬಿನ ಕಂಬದ ಪಕ್ಕ ಸೊಂಟಮಟ್ಟದ ನೀರಿನಲ್ಲಿ ನಿಂತು, ಸನಿಕೆಯನ್ನು ತಲೆಯ ಮೇಲಿಟ್ಟುಕೊಂಡು, ಅವರವರ ನೀರು ಅವರವರಿಗೆ ಕೊಟ್ಟಿದ್ದೇನೆ ಎಂದು ಕೆರೆಯಮ್ಮನ ಹೆಸರು ಹೇಳಬೇಕು. ಹೇಳಿದ ಮೇಲೆ ಯಾರೂ ತುಟಿ ಬಿಚ್ಚುವ ಹಾಗಿಲ್ಲ, ಕೊಟ್ಟಾಯಿತು ಎಂದರೆ ಕೊಟ್ಟಾಯಿತು. ಸುಳ್ಳಾಣೆ ಇಟ್ಟವನ ವಂಶಕ್ಕೆ ನೀರು ಹುಟ್ಟುವುದಿಲ್ಲ ಎಂಬ ನಂಬಿಕೆ. ಗಂಗಯ್ಯನ ಮನೆತನದಲ್ಲಿ ತಾತ ಒಂದು ಸಲ ಇಟ್ಟಿದ್ದ, ನಿಜದ ಆಣೆ.

ಭಾನುವಾರ ಬೆಳಿಗ್ಗೆ ಗಂಗಯ್ಯನ ಚಿಕ್ಕಪ್ಪನ ಮಗ ಚಿಕ್ಕಯ್ಯ ಬಂದ. ಗಂಗಯ್ಯ ಸನಿಕೆ ಬಿಟ್ಟರೆ ಅದು ಹೋಗುವುದು ಚಿಕ್ಕಯ್ಯನ ಕೈಗೇ, ಆದ್ದರಿಂದ ಅವನು ಬಂದದ್ದು ಕಂಡು ಮಾದಮ್ಮನಿಗೆ ಮೈ ಉರಿಯಿತು. ಆದರೆ ಅವಳು ಹೇಳುವ ಮೊದಲೇ ಅವನು ಎಲ್ಲ ತಿಳಿದುಕೊಂಡಿದ್ದ. ಅಣ್ಣನಿಗೆ ನೆನಪು ಕೆಟ್ಟಿರುವುದು ತನಗೆ ಗೌರಿಹಬ್ಬದಿಂದಲೂ ಗೊತ್ತು, ಇದುವರೆಗೂ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ ಎಂದ.

"ಅವನು ಆಣೆ ಇಡ್ಲಿ ಬುಡು ಅತ್ತಿಗೆ," ಎಂದ ತಗ್ಗಿದ ದನಿಯಲ್ಲಿ. "ಅವನು ಸುಳ್ಳು ಯೋಳಾಕಿಲ್ಲ, ಅವನಿಗೆ ಅದೇ ನಿಜ. ಗೊತ್ತಿಲ್ದೆ ಇಟ್ಟ ಆಣೆ ತಟ್ಟಾಕಿಲ್ಲ. ಮಾನ ಉಳೀತದೆ, ಸುಗ್ಗಿವರ್ಗೂ ಆಯ ಉಳೀತದೆ."

ಅವನ ಮಾತಿನಲ್ಲಿ ಮೋಸವಿರಲಿಲ್ಲ. ಮಾದಮ್ಮನಿಗೆ ಅದು ಜೇನಿನಂತೆ ಕಂಡಿತು. ತಾನು ಏನೂ ಮಾಡಬೇಕಾಗಿಲ್ಲ. ಸುಮ್ಮನೆ ನಿಂತಿದ್ದರೆ ಸಾಕು.

ಮಧ್ಯಾಹ್ನದ ಮೇಲೆ ಪುಟ್ಟತಾಯಮ್ಮ ಬಂದಳು. ಗೌಡರ ಮನೆಯ ಹೆಂಗಸು ಈ ಕೇರಿಗೆ ಬರುವುದೆಂದರೆ ಸಣ್ಣ ಮಾತಲ್ಲ, ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಕಾಣಿಸಿಕೊಂಡವು. ಅವಳು ಬೇಲಿಯ ಹೊರಗೇ ನಿಂತಳು. ಕೈಯಲ್ಲಿ ತನ್ನ ಗದ್ದೆಯ ಒಂದು ತೆನೆ ಹಿಡಿದಿದ್ದಳು. ಉಗುರಿನಿಂದ ಕಾಳು ಒತ್ತಿ ತೋರಿಸಿದಳು. ಹಾಲು ಬರಲಿಲ್ಲ, ಅಂಟು ಮಾತ್ರ ಬಂತು. ಇನ್ನೆರಡು ದಿನ ಕಳೆದರೆ ಅದೂ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಪುಟ್ಟತಾಯಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು, ಇದೊಂದೇ ಗದ್ದೆ.

"ಗಂಗಯ್ಯ ನನ್ ಬಾಯಿಗೆ ಮಣ್ಣಾಕ್ದ ಅಂತ ನಂಬಾಕೆ ನಂಗೆ ಮನಸ್ಸಿಲ್ಲ ಮಾದಮ್ಮ," ಎಂದಳು. "ನಂಬ್ದೆ ಎಂಗಿರ್ಲಿ ಅಂತ ನೀನೇ ಯೋಳು."

ಪುಟ್ಟತಾಯಮ್ಮ ತೆನೆಯನ್ನು ಬೇಲಿಯ ಮೇಲಿಟ್ಟು ಹೊರಟುಹೋದಳು. ಬೈದಿದ್ದರೆ ತಿರುಗಿ ಬೈಯಬಹುದಾಗಿತ್ತು. ಅವಳು ಬೈಯಲಿಲ್ಲ, ಅದನ್ನೇ ಮಾದಮ್ಮನಿಗೆ ತಡೆಯಲಾಗಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಅವಳು ಗಂಡನನ್ನು ಎದುರಿಗೆ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದಳು. ಬೋರೇಗೌಡರು ಸತ್ತದ್ದು, ಗದ್ದೆ ಪಾಲಾದದ್ದು, ಬದು ಎದ್ದದ್ದು, ಡಾಕ್ಟರು ಹೇಳಿದ್ದು. ಅವನು ಮೊದಲು ರೇಗಿದ. ಆಮೇಲೆ ಮೆಲ್ಲಗೆ ಎಲ್ಲವೂ ಅವನ ತಲೆಗೆ ಇಳಿಯಿತು. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, ನಾನು ಆ ತಾಯಿಗೆ ಎಂಥ ಕೆಲಸ ಮಾಡಿಬಿಟ್ಟೆ ಎಂದು ಅತ್ತ. ನಾಳೆ ಎಲ್ಲರ ಮುಂದೆ ತಾನೇ ಒಪ್ಪಿಕೊಳ್ಳುತ್ತೇನೆ ಎಂದು ಅವಳ ಕೈ ಹಿಡಿದು ಮಾತು ಕೊಟ್ಟ. ಅವಳು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

ಬೆಳಿಗ್ಗೆ ಗಂಗಯ್ಯ ಅವಳಿಗಿಂತ ಮುಂಚೆ ಎದ್ದಿದ್ದ. ಸನಿಕೆಯನ್ನು ಬೂದಿ ಹಾಕಿ ತಿಕ್ಕಿ ಬೆಳಗುತ್ತಿದ್ದ.

"ಇವತ್ತು ಆಣೆ ಅಲ್ವಾ ಮಾದಿ," ಎಂದ ಉತ್ಸಾಹದಿಂದ. "ಮೀಯಾಕೆ ನೀರು ತೋಡು. ನನ್ನ ಕಳ್ಳ ಅಂದೋರ ಬಾಯಿ ಮುಚ್ಚುಸ್ಬೇಕು."

ರಾತ್ರಿಯ ಅಳು, ಕೊಟ್ಟ ಮಾತು, ಯಾವುದೂ ಉಳಿದಿರಲಿಲ್ಲ. ಮಾದಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮತ್ತೆ ಹೇಳಬಹುದು, ಅವನು ಮತ್ತೆ ಅಳಬಹುದು, ತೂಬಿನ ಹತ್ತಿರ ಹೋಗುವಷ್ಟರಲ್ಲಿ ಮತ್ತೆ ಅಳಿಸಿಹೋಗಬಹುದು. ಇನ್ನು ಇದು ತನ್ನೊಬ್ಬಳ ತಲೆಯ ಮೇಲೆ ಬಿತ್ತು ಎಂದು ಅವಳಿಗೆ ಗೊತ್ತಾಯಿತು. ಮೀಯಲು ನೀರು ತೋಡಿಕೊಟ್ಟಳು.

ಏರಿಯ ಮೇಲೆ ಊರಿಗೆ ಊರೇ ಸೇರಿತ್ತು. ಗೌಡರು ಒಂದು ಕಡೆ, ಕೇರಿಯವರು ದೂರದಲ್ಲಿ ಇನ್ನೊಂದು ಕಡೆ. ರಂಗಸ್ವಾಮಿ ಎದೆಯ ಮೇಲೆ ಕೈ ಕಟ್ಟಿ ನಿಂತಿದ್ದ. ಪುಟ್ಟತಾಯಮ್ಮ ಹೆಂಗಸರ ಹಿಂದೆಲ್ಲೋ ಇದ್ದಳು. ಗಂಗಯ್ಯ ಒದ್ದೆ ಬಟ್ಟೆಯಲ್ಲಿ ಮೆಟ್ಟಿಲಿಳಿದು, ಎಡಗೈಯಿಂದ ತೂಬಿನ ಕಂಬ ಹಿಡಿದು, ಸೊಂಟದವರೆಗೆ ನೀರಿಗಿಳಿದ. ಸೋತಿದ್ದ ಬಲಗೈಯಿಂದಲೇ ಸನಿಕೆಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡ. ಅವನ ಮುಖದಲ್ಲಿ ಅಳುಕಿನ ಗೆರೆಯೂ ಇರಲಿಲ್ಲ. ಅದನ್ನು ನೋಡಿದವರಲ್ಲಿ ಅರ್ಧ ಜನ ಆಗಲೇ ಅವನನ್ನು ನಂಬಿಬಿಟ್ಟಿದ್ದರು. ಚಿಕ್ಕಯ್ಯ ಮಾದಮ್ಮನ ಕಡೆ ನೋಡಿ, ಬೇಡ ಎನ್ನುವಂತೆ ತಲೆ ಆಡಿಸಿದ.

"ಕೆರೆಯಮ್ಮನ ಆಣೆ..." ಎಂದು ಗಂಗಯ್ಯ ಶುರುಮಾಡಿದ.

"ಆಣೆ ಇಡಬ್ಯಾಡಿ," ಎಂದಳು ಮಾದಮ್ಮ.

ಆಣೆಯ ನಡುವೆ ಬಾಯಿ ಹಾಕಿದವರು ಆ ಊರಿನಲ್ಲಿ ಇರಲಿಲ್ಲ, ಅದೂ ಕೇರಿಯ ಹೆಂಗಸು. ಗುಂಪಿನಲ್ಲಿ ಗದ್ದಲ ಎದ್ದಿತು. ಪಟೇಲ ಪುಟ್ಟರಾಜು ಕೈ ಎತ್ತಿ ಸುಮ್ಮನಾಗಿಸಿ, ಹೇಳುವುದಿದ್ದರೆ ಹೇಳು ಎಂದರು. ಮಾದಮ್ಮ ಎರಡು ಹೆಜ್ಜೆ ಮುಂದೆ ಬಂದಳು.

"ನನ್ ಗಂಡ ಯಾರ ತಾವೂ ಏನೂ ಇಸ್ಕಂಡಿಲ್ಲ ಬುದ್ದಿ. ಪುಟ್ಟತಾಯವ್ವಾರ ಗದ್ದೆಗೆ ನೀರೂ ಬುಟ್ಟಿಲ್ಲ. ಹುಣಸೆಮರದ ಗದ್ದೆ ಯಾರ್ದು ಅಂತ ಅವ್ರನ್ನೇ ಕೇಳಿ."

ಪಟೇಲರಿಗೆ ಇದು ತಲೆಬುಡ ತಿಳಿಯಲಿಲ್ಲ. ಆದರೂ ಕೇಳಿದರು. ನೀರಿನಲ್ಲಿ ನಿಂತಿದ್ದ ಗಂಗಯ್ಯನಿಗೆ ಅವರ ಪ್ರಶ್ನೆ ತಮಾಷೆಯಾಗಿ ಕಂಡಿತು.

"ಇದೇನ್ ಬುದ್ದಿ, ಗೊತ್ತಿಲ್ದೋರಂಗೆ ಕೇಳ್ತೀರಿ. ಬೋರೇಗೌಡ್ರದು. ಮೊನ್ನೆ ನೀರು ಬುಡುವಾಗ ಮರದ ಕೆಳಗೇ ಕುಂತಿದ್ರಲ್ಲ, ನಿಧಾನವಾಗಿ ಬುಡು ಗಂಗ ಅಂದ್ರು."

ರಂಗಸ್ವಾಮಿ ಕಟ್ಟಿದ್ದ ಕೈ ಬಿಟ್ಟ. ನಿಧಾನವಾಗಿ ಬುಡು ಗಂಗ ಎಂಬುದು ಅವನ ಅಪ್ಪನ ಮಾತೇ. ಸಣ್ಣವನಿದ್ದಾಗ ಅವನೂ ಅದನ್ನು ಆ ಮರದ ಕೆಳಗೆ ಕೇಳಿದ್ದ.

ಆಮೇಲೆ ಮಾದಮ್ಮ ಏನನ್ನೂ ಬಚ್ಚಿಡಲಿಲ್ಲ. ಎರಡು ಸಲ ಕೈ ಸೋತದ್ದು, ಪಿತ್ತವೆಂದು ತಾನೇ ಉಪ್ಪು ಕುಡಿಸಿದ್ದು, ಡಾಕ್ಟರ ಹತ್ತಿರ ಸುಳ್ಳು ಹೇಳಿದ್ದು, ಊರನ್ನೆಲ್ಲ ಮರುಳು ಮಾಡಿ ಹಿಂದೆ ಹಿಂದೆ ನಡೆದದ್ದು, ಎಲ್ಲವನ್ನೂ ಹೇಳಿದಳು. ತಪ್ಪು ತನ್ನದು, ದಂಡ ಹಾಕುವುದಾದರೆ ತನಗೆ ಹಾಕಿ, ಅವರನ್ನು ಕಳ್ಳ ಎಂದು ಮಾತ್ರ ಅನ್ನಬೇಡಿ ಎಂದಳು. ಗಂಗಯ್ಯ ಯಾರದೋ ಮನೆಯ ಸುದ್ದಿಯನ್ನು ಕೇಳುವವನಂತೆ ಕೇಳುತ್ತಿದ್ದ. ಕೇಳುತ್ತ ಕೇಳುತ್ತ ಸನಿಕೆ ಅವನ ತಲೆಯಿಂದ ಹೆಗಲಿಗೆ, ಹೆಗಲಿನಿಂದ ನೀರಿಗೆ ಇಳಿಯಿತು. ಅವನು ಸನಿಕೆ ಹಿಡಿದೇ ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದು ಪಟೇಲರ ಎದುರು ದೂರದಲ್ಲಿ ನಿಂತ.

"ಬೋರೇಗೌಡ್ರು ಓಗಿ ಎಷ್ಟೊರ್ಸ ಆಯ್ತು ಬುದ್ದಿ?"

ಒಂಬತ್ತು ಎಂದರು ಪಟೇಲರು.

"ಅಂಗಾರೆ ನಾನು ನೀರು ಬುಟ್ಟಿಲ್ಲ," ಎಂದ ಗಂಗಯ್ಯ.

ಮೊದಲು ಮಾತಾಡಿದವನು ರಂಗಸ್ವಾಮಿ. ಅವನನ್ನು ಇನ್ನು ಯಾರೂ ಕಳ್ಳ ಎನ್ನುವಂತಿರಲಿಲ್ಲ, ಬಿಟ್ಟರೆ ಸೋತಂತೆ ಎಂಬ ಹಟವೂ ಉಳಿದಿರಲಿಲ್ಲ. ತಮ್ಮನ ಹೆಂಡತಿಯ ಮುಖ ನೋಡದೆ, ಬದು ಕಡಿಯಲಿ, ನೀರು ಕೆಳಕ್ಕೆ ಇಳಿಯಲಿ ಎಂದ.

ಎಲ್ಲರೂ ಹುಣಸೆಮರದ ಹತ್ತಿರ ಬಂದರು. ಎಲ್ಲಿ ಕಡಿಯುವುದೆಂದು ಗೌಡರು ತಮ್ಮತಮ್ಮಲ್ಲೇ ವಾದಕ್ಕೆ ಬಿದ್ದರು. ತಪ್ಪು ಜಾಗದಲ್ಲಿ ಕಡಿದರೆ ಬದುವೇ ಕೊಚ್ಚಿ ಎರಡು ಗದ್ದೆಯೂ ಹಾಳಾಗುತ್ತದೆ. ಗಂಗಯ್ಯ ಯಾರನ್ನೂ ಕೇಳಲಿಲ್ಲ. ಬದುವಿನ ಮೇಲೆ ನಡೆದು, ಮರಕ್ಕೆ ಬೆನ್ನು ಮಾಡಿ ಏಳು ಹೆಜ್ಜೆ ಅಳೆದು, ಸನಿಕೆ ಎತ್ತಿದ. ನಾಲ್ಕನೇ ಏಟಿಗೆ ಕಲ್ಲಿನ ಸದ್ದು ಬಂತು. ಮಣ್ಣು ಸರಿಸಿದಾಗ ಬೋರೇಗೌಡರ ಕಾಲದ ಎರಡು ಚಪ್ಪಡಿಗಳು ಇದ್ದಲ್ಲೇ ಇದ್ದವು. ಅವುಗಳ ನಡುವಿನಿಂದ ನೀರು ಕೆಳಗಿನ ಗದ್ದೆಗೆ ಇಳಿಯಿತು, ಮೆಲ್ಲಗೆ, ಒಂದು ಪೈರನ್ನೂ ಬಗ್ಗಿಸದೆ. ಪುಟ್ಟತಾಯಮ್ಮ ಗದ್ದೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಿರುಕುಗಳು ನೀರು ಕುಡಿಯುವುದನ್ನು ನೋಡಿದಳು. ಮಾದಮ್ಮ ಗಂಡನ ಬೆನ್ನನ್ನು ನೋಡುತ್ತಿದ್ದಳು. ಇಷ್ಟು ಚೆನ್ನಾಗಿ ನೀರು ಬಿಡುವ ಗಂಡಸು ಈ ಹೋಬಳಿಯಲ್ಲಿಲ್ಲ ಎಂದು ಹೆಮ್ಮೆಯಾಯಿತು.

ಕೆಲಸ ಮುಗಿದ ಮೇಲೆ ಗಂಗಯ್ಯ ಸನಿಕೆಯನ್ನು ನೀರಿನಲ್ಲಿ ತೊಳೆದು, ತಾನಾಗಿಯೇ ಚಿಕ್ಕಯ್ಯನ ಕೈಗೆ ಕೊಟ್ಟ. ಚಿಕ್ಕಯ್ಯ ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದ. ಬರುವ ಆಯದಲ್ಲಿ ಅರ್ಧ ಅಣ್ಣನ ಮನೆಗೇ ಎಂದು ಎಲ್ಲರ ಮುಂದೆ ಹೇಳಿ ತೆಗೆದುಕೊಂಡ. ಮನೆಗೆ ಹೋಗುವ ದಾರಿಯಲ್ಲಿ ಗಂಗಯ್ಯ ಒಂದೇ ಮಾತು ಆಡಿದ.

"ನೀನು ತಡೀದಿದ್ರೆ ಸುಳ್ಳಾಣೆ ಇಟ್ಬುಡ್ತಿದ್ದೆ ಕಣಮ್ಮಿ."

ಮರುದಿನ ಬೆಳಿಗ್ಗೆ ಅವನು ಎದ್ದು ಮೂಲೆಯಲ್ಲಿ ತಡಕಿದ. ಸನಿಕೆ ಎಲ್ಲಿ ಎಂದು ಕೇಳಿದ. ಮಾದಮ್ಮ ನಡೆದದ್ದನ್ನು ನಡೆದ ಹಾಗೆಯೇ ಹೇಳಿದಳು. ಅವನ ಮುಖ ಬಾಡಿತು; ಊರಿನೆದುರು ತಾನು ನೀರಿನಲ್ಲಿ ನಿಂತದ್ದನ್ನು ಅವನು ಆಗಲೇ ಮೊದಲ ಸಲ ಕೇಳುತ್ತಿದ್ದ. ಮಧ್ಯಾಹ್ನದವರೆಗೆ ಗೋಡೆ ಕಡೆ ತಿರುಗಿ ಕೂತಿದ್ದ. ಅದರ ಮರುದಿನವೂ ತಡಕಿದ, ಮತ್ತೆ ಕೇಳಿದ, ಮತ್ತೆ ಹೇಳಿದಳು, ಮತ್ತೆ ಅದೇ ಮುಖ. ಮೂರನೇ ದಿನವೂ ಅಷ್ಟೇ. ಅವನಿಗೆ ಪ್ರತಿ ದಿನವೂ ಸನಿಕೆ ಅಂದೇ ಹೋಗುತ್ತಿತ್ತು.

ನಾಲ್ಕನೇ ಬೆಳಿಗ್ಗೆ ಮಾದಮ್ಮ ಒಲೆಯ ಮುಂದೆ ಕೂತಿದ್ದಳು. ಹಿಂದಿನಿಂದ ಅವನು ಮೂಲೆ ತಡಕುವ ಸದ್ದು ಕೇಳಿಸಿತು.

"ಮಾದಿ, ಸನಿಕೆ ಎಲ್ಲಿ?"

ಇಡೀ ಊರಿನೆದುರು ಅವನಿಂದ ಒಂದು ಸುಳ್ಳು ಹೊರಡದಂತೆ ತಡೆದವಳು ಅವಳು. ಮಜ್ಜಿಗೆಯ ಚೊಂಬನ್ನು ಕೈಗೆತ್ತಿಕೊಂಡಳು, ಅದರಲ್ಲಿ ಉಪ್ಪಿರಲಿಲ್ಲ.

"ಚಿಕ್ಕಯ್ಯ ಇಸ್ಕಂಡೋಗವ್ನೆ," ಎಂದಳು ತಿರುಗಿ ನೋಡದೆ. "ಸಂಜೆಗೆ ತಂದ್ಕೊಡ್ತಾನೆ."

"ಬುಡು, ಅವನಿಗೂ ಬೇಕಾಗಿರ್ತದೆ," ಎಂದು ಗಂಗಯ್ಯ ಸಮಾಧಾನದಿಂದ ಕೂತು ಚೊಂಬಿಗೆ ಕೈ ಚಾಚಿದ. ಆಮೇಲೆ ಅವನು ಬದುಕಿದ್ದಷ್ಟು ದಿನವೂ ಅವಳು ದಿನಾ ಬೆಳಿಗ್ಗೆ ಆ ಸುಳ್ಳನ್ನು ಹೇಳಿದಳು.